ಗಿಲೊಟಿನ್ ನಿಲ್ಲಿಸಿದ ಮಂತ್ರಿ

ಸಂಪಾದಕರೇ,

ಫ್ರಾನ್ಸ್ ಅಂದ್ರೆ ನಮ್ ಪೇಪರ್‌ಗಳಲ್ಲಿ ಪ್ರೆಸಿಡೆಂಟ್‌ಗಳ ಸುದ್ದಿನೇ ಜಾಸ್ತಿ, ಸೋಷಿಯಲಿಸ್ಟ್ ಪಾರ್ಟಿಯ ರೊಬೇರ್ ಬದಾಂತೇರ್ ಬಗ್ಗೆನೂ ಒಂದು ಒಳ್ಳೆ ಲೇಖನ ಹಾಕಿ. ಲಾಯರ್ ಆಗಿದ್ದಾಗ ಅವರ ಕಕ್ಷಿದಾರ ರೋಜೆ ಬೊಂತಾಂ ಸ್ವತಃ ಕೊಲೆ ಮಾಡಿಲ್ಲ ಅಂತ ಕೋರ್ಟೇ ಒಪ್ಪಿತ್ತು, ಆದ್ರೂ 1972ರಲ್ಲಿ ಗಿಲೊಟಿನ್ ಅನ್ನೋ ತಲೆ ಕಡಿಯೋ ಯಂತ್ರದಲ್ಲಿ ತಲೆ ತೆಗೆದ್ರು, ಅವತ್ತು ಬದಾಂತೇರ್ ಆ ಜೈಲಲ್ಲೇ ಇದ್ರು, ಆಮೇಲೆ ಮರಣದಂಡನೆ ವಿರುದ್ಧ ಹೋರಾಟಕ್ಕೇ ನಿಂತ್ಬಿಟ್ರು. ತಂದೆಯನ್ನ ನಾಜಿಗಳು ಸೊಬಿಬೋರ್ ಕ್ಯಾಂಪಿಗೆ ಸಾಗಿಸಿ ಕೊಂದಿದ್ರು, ಅಂಥ ಮನೆಯ ಮಗ ಇವರು!

1981ರಲ್ಲಿ ಮಿತ್ತೆರಾಂ ಪ್ರೆಸಿಡೆಂಟ್ ಚುನಾವಣೆ ಗೆದ್ದು ಇವರನ್ನ ಕಾನೂನು ಮಂತ್ರಿ ಮಾಡಿದ್ರು. ಆಗ ಹೆಚ್ಚಿನ ಜನಕ್ಕೆ ಮರಣದಂಡನೆ ಇರ್ಲಿ ಅಂತಾನೇ ಇತ್ತು, ಆದ್ರೂ ಇವರು ಹಿಂದೆ ಸರೀಲಿಲ್ಲ, ಸೆಪ್ಟೆಂಬರಲ್ಲಿ ಕೆಳಮನೇಲಿ 363-117 ವೋಟಲ್ಲಿ ಮರಣದಂಡನೆ ರದ್ದು ಮಾಡೋ ಬಿಲ್ ಪಾಸು, ಅಕ್ಟೋಬರ್ 9ಕ್ಕೆ ಕಾನೂನೇ ಆಯ್ತು. ವಿರೋಧ ಪಕ್ಷದ ಜಾಕ್ ಶಿರಾಕ್ ಕೂಡ ಪರವಾಗಿ ವೋಟ್ ಹಾಕಿದ್ರು, ಇದು ನಂಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ. ಬದಾಂತೇರ್ ಆಮೇಲೆ ಕಾನೂನುಗಳು ಸಂವಿಧಾನಕ್ಕೆ ಸರಿಯಾಗಿವೆಯಾ ಅಂತ ನೋಡೋ ಸಾಂವಿಧಾನಿಕ ಮಂಡಳಿಯ ಅಧ್ಯಕ್ಷರಾಗಿದ್ರು, 2011ರವರೆಗೆ ಸೆನೆಟರ್ ಆಗಿದ್ರು. 2024ರಲ್ಲಿ ತೀರ್ಕೊಂಡ್ರು.

ಗಲ್ಲು ಬೇಕಾ ಬೇಡ್ವಾ ಅಂತ ನಮ್ಮಲ್ಲಿ ಈಗ್ಲೂ ಚರ್ಚೆ ನಡೀತಾನೇ ಇದೆ. ಆ ಬಿಲ್ ಮೇಲೆ ಬದಾಂತೇರ್ ಪಾರ್ಲಿಮೆಂಟಲ್ಲಿ ಮಾಡಿದ ಭಾಷಣನ ಕನ್ನಡಕ್ಕೆ ಮಾಡ್ಸಿ ಭಾನುವಾರದ ಪುರವಣಿಲಿ ಪೂರ್ತಿ ಪ್ರಕಟಿಸಿ ಅಂತ ನನ್ನ ವಿನಂತಿ.

– ಒಬ್ಬ ಓದುಗ, ಮೈಸೂರು