ಮಗಳಿಗೊಂದು ಪತ್ರ: ಪುಸ್ತಕಕ್ಕಿಂತ ಮೊದಲು

ಕದ್ರಿ, ಮಂಗಳೂರು

ಪ್ರೀತಿಯ ಮಗಳೇ,

ಬರುವ ವಾರದಿಂದ ಉಡುಪಿಯ ನಿಮ್ಮ ಮನೆಯಲ್ಲಿ ಮೂವರು ಮಕ್ಕಳಿಗೆ ಪಿಯಾನೋ ಪಾಠ ಶುರುಮಾಡುತ್ತೀ ಎಂದು ತಿಳಿದಂದಿನಿಂದ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ಊರಿನ ಮಕ್ಕಳಿಗೆಲ್ಲ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆವರಸೆಯನ್ನು ಬಾಯಿಪಾಠವಾಗಿಯೇ ಹೇಳಿಕೊಟ್ಟ ನಾನು, ನಿನ್ನನ್ನು ಮಾತ್ರ ಆರನೆಯ ವಯಸ್ಸಿಗೆ ನೇರವಾಗಿ ಸ್ವರಲಿಪಿಯ ಪುಸ್ತಕದ ಮುಂದೆ ಕೂರಿಸಿ, ಗ್ರೇಡ್ ಪರೀಕ್ಷೆಗಳನ್ನು ಎಣಿಸುತ್ತಾ ಕುಳಿತೆ. ಐದನೆಯ ಗ್ರೇಡ್ ಮುಗಿದ ವರ್ಷ ಅಜ್ಜಿ, ತಾನು ದಿನವೂ ಹಾಡುವ ದೇವರನಾಮವನ್ನು "ನುಡಿಸು ಮಗಾ" ಎಂದು ಕೇಳಿದಾಗ, "ಪುಸ್ತಕ ಇಲ್ಲವಲ್ಲ ಅಜ್ಜಿ" ಎಂದು ನೀನು ಕೀಗಳ ಮೇಲಿನಿಂದ ಕೈ ತೆಗೆದದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. ತಪ್ಪು ನನ್ನದು.

ಆದ್ದರಿಂದ ಮೊದಲ ಕೆಲವು ವಾರ ಪುಸ್ತಕವನ್ನು ತೆರೆಯಬೇಡ. ಪಿಯಾನೋದ 88 ಕೀಗಳಲ್ಲಿ 36 ಕಪ್ಪು. ನಮ್ಮ ಭಾಗವತರು ಶ್ರುತಿ ಹೇಳುವ ಲೆಕ್ಕದ 'ಕಪ್ಪು ಮೂರ'ನ್ನು, ಅಂದರೆ F ಶಾರ್ಪ್ ಕೀಯನ್ನು, ಷಡ್ಜವಾಗಿ (ಸ) ಹಿಡಿದು ಕಪ್ಪು ಕೀಗಳಲ್ಲಷ್ಟೇ ಏರಿದರೆ ಮೋಹನ ರಾಗದ ಐದು ಸ್ವರಗಳು ಸಿಗುತ್ತವೆ. ನೀನು ಕೆಳಗಿನ ಸ್ಥಾಯಿಯಲ್ಲಿ ಷಡ್ಜ ಪಂಚಮಗಳನ್ನು (ಸ, ಪ) ಮೆಲ್ಲನೆ ನುಡಿಸುತ್ತಿರು, ಮಗು ಮೇಲೆ ತನಗೆ ತೋಚಿದಂತೆ ನುಡಿಸಲಿ. ಅಲ್ಲಿ ಯಾವ ಕೀ ಒತ್ತಿದರೂ ಕಿವಿಗೆ ಒಡಕೆನಿಸದು.

ಅನಂತರ ಮಾಯಾಮಾಳವಗೌಳ ರಾಗಕ್ಕೆ ಬಾ. ಬಿಳಿ ಒಂದನ್ನು, ಅಂದರೆ C ಕೀಯನ್ನು, ಷಡ್ಜ ಮಾಡಿಕೊಂಡರೆ ರಿ ಮತ್ತು ದ ಎರಡೇ ಕಪ್ಪು ಕೀಗಳ ಮೇಲೆ ಬರುತ್ತವೆ. ಎಡಗೈಯ ನಾಲ್ಕು ಬೆರಳು 'ಸ ರಿ ಗ ಮ'ದಲ್ಲಿ ಕಂಡುಕೊಂಡ ಅಂತರಗಳೇ ಬಲಗೈಯ 'ಪ ದ ನಿ ಸ'ದಲ್ಲಿ ಮರಳಿ ಬರುವುದನ್ನು ಮಗು ತಾನೇ ಕಂಡುಹಿಡಿಯಲಿ, ನೀನು ಮುಂಚಿತವಾಗಿ ಹೇಳಿಬಿಡಬೇಡ. ಕೇಳುವುದು, ಹಾಡುವುದು, ಬೆರಳಿನಿಂದ ಹುಡುಕುವುದು, ಆಮೇಲೆ ಹೆಸರು: ಈ ಕ್ರಮ ತಪ್ಪದಿರಲಿ.

ಹಂತಗಳನ್ನು ನಾನು ಬೇಡವೆನ್ನುವುದಿಲ್ಲ. ಹಂಗೇರಿಯ ಬೇಲಾ ಬಾರ್ಟೋಕ್ 1926ರಿಂದ 1939ರ ನಡುವೆ ಸುಲಭದಿಂದ ಕಠಿಣಕ್ಕೆ ಜೋಡಿಸಿದ 153 ಪಿಯಾನೋ ರಚನೆಗಳ ಆರಂಭದಲ್ಲಿ ಎರಡೂ ಕೈಗಳು ಒಂದೇ ಧಾಟಿಯನ್ನು ನುಡಿಸುತ್ತವೆ. ಆರು ಸಂಪುಟಗಳಲ್ಲಿ ಮೊದಲೆರಡನ್ನು ಆತ ಅರ್ಪಿಸಿದ್ದು ತನ್ನ ಮಗ ಪೀಟರ್‌ಗೆ. ಆದರೆ ಮುಂದಿನ ಹಂತಕ್ಕೆ ಹೋಗುವ ಹೊತ್ತನ್ನು ಮಗುವಿನ ಕಿವಿ ಹೇಳಬೇಕೇ ಹೊರತು ಕ್ಯಾಲೆಂಡರ್ ಅಲ್ಲ. ಮೂವರೂ ಒಂದೇ ದಿನ ಮೋಹನದಿಂದ ಹೊರಡಬೇಕಾಗಿಲ್ಲ, ಹೊರಟವರು ಮರಳಿ ಬರಬಾರದೆಂದೂ ಇಲ್ಲ.

ಯಾವುದಾದರೂ ಮಗು ತಾನೇ ಕಟ್ಟಿದ ಧಾಟಿಯನ್ನು ಮುಂದಿನ ವಾರ ಮರೆತು ಬಂದು ಸಂಕಟಪಡುತ್ತದೆ. ಅಂದು ಸ್ವರಲಿಪಿಯ ಐದು ಗೆರೆ ಎಳೆದುಕೊಟ್ಟು ಬರೆದಿಡುವುದನ್ನು ತೋರಿಸು. ಪರೀಕ್ಷೆಯ ಮಾತು ಆಮೇಲೆ.

ಮಳೆಗಾಲದಲ್ಲಿ ಪಿಯಾನೋವನ್ನು ಗೋಡೆಗೆ ತಾಗದಂತೆ ಇರಿಸು. ತೇವಕ್ಕೆ ಮರ ಉಬ್ಬಿ ಕೀ ಒತ್ತಿದಲ್ಲೇ ನಿಂತರೆ, ಮಗು ಅದನ್ನು ತನ್ನ ಬೆರಳಿನ ತಪ್ಪೆಂದುಕೊಳ್ಳುತ್ತದೆ. ಪಾಠಕ್ಕೆ ಮುಂಚೆ ಪ್ರತಿಯೊಂದನ್ನೂ ನೀನೇ ಒಮ್ಮೆ ಒತ್ತಿ ನೋಡು.

ಇಂತಿ,
ನಿನ್ನ ಅಮ್ಮ