ಸೂರಿ, ಆ ಫಿಲ್ಮ್ ಇನ್ನೂ ಇಟ್ಟಿದ್ದೀಯಾ?

ಸೂರಿ,

ಫೋನ್ ಮಾಡಿದರೆ ತೋಟದಲ್ಲಿ ಸಿಗ್ನಲ್ ಇಲ್ಲ ಅನ್ನುತ್ತೀಯ. ವಾಟ್ಸಾಪಿನಲ್ಲಿ ಉದ್ದ ಬರೆದರೆ ಒಂದು ಹೆಬ್ಬೆಟ್ಟು ಒತ್ತಿ ಮುಗಿಸುತ್ತೀಯ. ಅದಕ್ಕೇ ನಾಲ್ಕು ಜನಕ್ಕೆ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಳೆಯ ಲ್ಯಾಬಿನವರೂ ಓದೇ ಓದುತ್ತಾರೆ, ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಹದಿನೇಳನೇ ಟ್ಯೂಬಿನ ವಿಷಯ ನಾನಾಗಿ ಎತ್ತುವುದಿಲ್ಲ.

ಒಂದು ತಿಂಗಳಿಂದ ನನಗೊಂದು ಹೊಸ ಕೆಲಸ ಸಿಕ್ಕಿದೆ. ವೈದ್ಯಕೀಯ ಸಂಶೋಧನೆ ಮಾಡಿದವರ ಸಂದರ್ಶನಗಳು ಇರುತ್ತವಲ್ಲ, ಅವನ್ನು ಕೇಳಿ ಹೈಸ್ಕೂಲು ಮಕ್ಕಳಿಗೆ ಅರ್ಥ ಆಗುವ ಹಾಗೆ ಕನ್ನಡದಲ್ಲಿ ಬರೆದು ಕೊಡಬೇಕು. ರಾತ್ರಿ ಊಟ ಆದಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಪಾತ್ರೆ ತೊಳೆಯುತ್ತಾ ಕೇಳುತ್ತೇನೆ. ಎಷ್ಟು ಖುಷಿ ಆಗುತ್ತದೆ ಗೊತ್ತಾ? ಸಂಶೋಧನಾ ಪೇಪರಿನಲ್ಲಿ ಒಂದು ಸಾಲೂ ಇರದ ಸಂಗತಿಗಳನ್ನೆಲ್ಲ ಇವರು ಮಾತಿನಲ್ಲಿ ಹೇಳಿಬಿಡುತ್ತಾರೆ. ದುಡ್ಡು ಸಿಗದ ವರ್ಷ, ಯಾರೋ ಆಡಿದ ಒಂದು ಮಾತು, ಮನೆಯಲ್ಲಿ ಅಮ್ಮ ಅಂದದ್ದು.

ಕಾತಲಿನ್ ಕರಿಕೊ ಅವರದ್ದನ್ನು ನೀನು ಕೇಳಲೇಬೇಕು. ಹಂಗೇರಿಯ ಸಣ್ಣ ಊರಿನವರು, ಅಪ್ಪನದು ಮಾಂಸ ಕಡಿಯುವ ಕಸುಬು. 1985ರಲ್ಲಿ ಗಂಡ, ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೊರಟಾಗ 900 ಪೌಂಡ್ ಹಣವನ್ನು ಮಗಳ ಗೊಂಬೆ ಕರಡಿಯೊಳಗೆ ಇಟ್ಟು ಹೊಲಿದುಕೊಂಡು ಹೋದವರು. 1995ರಲ್ಲಿ ಅವರನ್ನು ಹುದ್ದೆಯಿಂದ ಕೆಳಗಿಳಿಸಿದರು. ಯಾವ ಪ್ರೋಟೀನ್ ಮಾಡಬೇಕು ಅನ್ನುವ ಸಂದೇಶವನ್ನು ಜೀವಕೋಶದೊಳಗೆ ಒಯ್ಯುವ ಎಂಆರ್‌ಎನ್‌ಎ ಅಣುವನ್ನು ಹಿಡಿದುಕೊಂಡು ಕೂತವರಿಗೆ ಆಗ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಆಮೇಲೆ ಜೊತೆಗೆ ಕೆಲಸ ಮಾಡಿದ ಡ್ರೂ ವೈಸ್‌ಮನ್ ಪರಿಚಯ ಆದದ್ದು ಝೆರಾಕ್ಸ್ ಮಷೀನ್ ಹತ್ತಿರ, ನಾವಿಬ್ಬರೂ ಜಗಳ ಆಡುತ್ತಿದ್ದ ಹಾಗೆ! ಎಂಆರ್‌ಎನ್‌ಎ ಹಾಕಿದರೆ ಜೀವಕೋಶಗಳು ಕೆರಳುತ್ತಿದ್ದವು. ಸುಮ್ನೆ ಹೋಲಿಕೆಗೆ ಅಂತ ಇಟ್ಟಿದ್ದ ಟಿಆರ್‌ಎನ್‌ಎ ಅನ್ನುವ ಇನ್ನೊಂದು ಬಗೆಯ ಆರ್‌ಎನ್‌ಎಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಕಂಟ್ರೋಲ್ ಟ್ಯೂಬು, ಸೂರಿ! ಅದರಲ್ಲಿ ಏನಿದೆ ಅಂತ ಹುಡುಕುತ್ತಾ ಹೋಗಿ ಸೂಡೋಯುರಿಡಿನ್ ಹತ್ತಿರ ತಲುಪಿದರು. ಆರ್‌ಎನ್‌ಎಯ ಒಂದು ಅಕ್ಷರದ ಸ್ವಲ್ಪ ಬದಲಾದ ರೂಪ ಅದು, ಎಂಆರ್‌ಎನ್‌ಎಯಲ್ಲಿ ಅದನ್ನು ಹಾಕಿದರೆ ಜೀವಕೋಶ ಕೆರಳುವುದಿಲ್ಲ. ಅದನ್ನು ಹೇಳಿದ್ದು 2005ರ ಪೇಪರು. ಕೋವಿಡ್ ಬಂದು ಲಸಿಕೆ ಆಗುವವರೆಗೆ ಆ ಪೇಪರಿಗೆ ಸಿಗಬೇಕಾದ ಗಮನ ಸಿಕ್ಕಿರಲಿಲ್ಲ. 2023ರಲ್ಲಿ ನೊಬೆಲ್ ಬಂದ ದಿನ ಫೋನಿನಲ್ಲಿ ಮಾತಾಡುತ್ತಾ ಅವರು ಅಮ್ಮನನ್ನು ನೆನೆಯುತ್ತಾರೆ. ಮಗಳು ಇನ್ನೂ ಪ್ರೊಫೆಸರ್ ಕೂಡ ಆಗಿಲ್ಲದ ಕಾಲದಲ್ಲೂ ಆ ತಾಯಿ ಪ್ರಶಸ್ತಿ ಘೋಷಣೆ ಆಗುವಾಗ ನಿನ್ನ ಹೆಸರು ಬರಬಹುದು ಅಂತ ಕಿವಿಗೊಟ್ಟು ಕೂರುತ್ತಿದ್ದರಂತೆ. 2018ರಲ್ಲೇ ತೀರಿಕೊಂಡರು. ಆ ಭಾಗವನ್ನು ನಾನು ಮೂರು ಸಲ ಕೇಳಿದೆ.

ಆಮೇಲೆ ಶಂಭುನಾಥ್ ಡೇ ಅವರದ್ದು ಏನಾದರೂ ಇದೆಯಾ ಅಂತ ಹುಡುಕಿದೆ. ಕಲ್ಕತ್ತಾದವರು. ಮೊಲದ ಕರುಳಿಗೆ ಎರಡು ಕಡೆ ದಾರ ಕಟ್ಟಿ, ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಇಲ್ಲದ ಆ ನೀರನ್ನಷ್ಟೇ ಒಳಗೆ ಬಿಟ್ಟರು. ಕರುಳು ನೀರು ತುಂಬಿ ಊದಿಕೊಂಡಿತು. ಅಂದರೆ ಕೊಲ್ಲುವುದು ಬ್ಯಾಕ್ಟೀರಿಯಾ ಬಿಡುವ ವಿಷ. 1959ರಲ್ಲೇ ತೋರಿಸಿದ್ದರು, ಇಷ್ಟು ಸಾದಾ ಪ್ರಯೋಗದಲ್ಲಿ. ಸುಮಾರು ವರ್ಷ ಯಾರೂ ಅವರನ್ನು ಕರೆದು ಕೇಳಲಿಲ್ಲ. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ಗೋಷ್ಠಿಗೆ ಕರೆದಾಗ ಅವರು ಹೇಳಿದ್ದು ಇಷ್ಟು: ಅರವತ್ತರ ದಶಕದ ಶುರುವಿನಲ್ಲೇ ನಾನು ಸತ್ತುಹೋಗಿದ್ದೆ, ನೀವು ಅಗೆದು ತೆಗೆದಿರಿ, ಈ ಎರಡು ದಿನ ನಿಮ್ಮ ಜೊತೆ ಇದ್ದು ಮತ್ತೆ ಜೀವ ಬರುತ್ತಿದೆ ಅನ್ನಿಸುತ್ತಿದೆ. 1985ರಲ್ಲಿ ಹೋಗಿಬಿಟ್ಟರು. ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆ ಅವರಿಗಾಗಿಯೇ ಒಂದು ಸಂಚಿಕೆ ತಂದದ್ದು 1990ರಲ್ಲಿ. ಮಕ್ಕಳಿಗೆ ಬರೆದುಕೊಡುವ ಕಥೆಗಳಲ್ಲಿ ಇವರದ್ದು ಮೊದಲು ಇರಬೇಕು ಅಂತ ಹಟ ಹಿಡಿದಿದ್ದೇನೆ.

ಆದರೆ ನಾನು ಈ ಪತ್ರಕ್ಕೆ ಕೂತದ್ದು ಬ್ಯಾರಿ ಮಾರ್ಷಲ್ ದೆಸೆಯಿಂದ. ಹೊಟ್ಟೆಯ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಿದವರು. ನಿಮ್ಮ ಅಪ್ಪಯ್ಯನಿಗೆ ಖಾರ ಬಿಡಿ, ಚಿಂತೆ ಬಿಡಿ ಅಂತ ಡಾಕ್ಟರು ವರ್ಷಗಟ್ಟಲೆ ಹೇಳುತ್ತಿದ್ದರಲ್ಲ, ಅದೇ ಹುಣ್ಣು. 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು ಅನ್ನುವುದು ನಿನಗೆ ಗೊತ್ತೇ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಎರಡು ವರ್ಷ ಹಿಂದಿನ ಸಂಗತಿ. ಆಸ್ಟ್ರೇಲಿಯಾದ ಪರ್ತ್‌ನ ಆಸ್ಪತ್ರೆಯಲ್ಲಿ ರಾಬಿನ್ ವಾರನ್ ಮೈಕ್ರೋಸ್ಕೋಪಿನಲ್ಲಿ ಕಂಡಿದ್ದ ಆ ಬಾಗಿದ ಬ್ಯಾಕ್ಟೀರಿಯಾವನ್ನು ಪ್ಲೇಟಿನಲ್ಲಿ ಬೆಳೆಸಬೇಕಿತ್ತು. ರೋಗಿಗಳ ಹೊಟ್ಟೆಯ ಒಳಪದರದ ಚೂರು ಹಾಕುವುದು, ಎರಡು ದಿನ ನೋಡುವುದು, ಏನೂ ಬಂದಿಲ್ಲ ಅಂತ ಎಸೆಯುವುದು. ಹೀಗೆ 34 ರೋಗಿಗಳದ್ದು ಹೋಯಿತು. 35ನೆಯದು 1982ರ ಈಸ್ಟರ್ ರಜೆಯಲ್ಲಿ ಇನ್‌ಕ್ಯುಬೇಟರಿನಲ್ಲೇ ಉಳಿದುಬಿಟ್ಟಿತು. ಐದು ದಿನ ಬಿಟ್ಟು ತೆಗೆದರೆ, ಬೆಳೆದಿತ್ತು. ನಿಧಾನಕ್ಕೆ ಬೆಳೆಯುವ ಜಾತಿ ಅದು, ಎರಡು ದಿನ ಸಾಲುತ್ತಿರಲಿಲ್ಲ ಅಷ್ಟೇ.

ಕೈಯಲ್ಲಿ ಸೌಟು ಹಿಡಿದು ನಿಂತೇ ಬಿಟ್ಟೆ. ನಲ್ಲಿ ಹರಿಯುತ್ತಲೇ ಇತ್ತು. ಎಸೆದ ಆ 34ರಲ್ಲಿ ಎಷ್ಟರಲ್ಲಿ ಇತ್ತೋ ಅಂತ ಯೋಚಿಸುತ್ತಾ ಯೋಚಿಸುತ್ತಾ ನಿನ್ನ ಫಿಲ್ಮ್ ಕಣ್ಣ ಮುಂದೆ ಬಂತು.

ಜುಲೈ ತಿಂಗಳು, ಹಾಸ್ಟೆಲ್ ಹಿಂದಿನ ಬೇಕರಿ. ನೀನು ಡಾರ್ಕ್ ರೂಮಿನಿಂದ ನೇರ ಬಂದಿದ್ದೆ, ಕೋಲ್ಡ್ ರೂಮಿನ ಸ್ವೆಟರ್ ಇನ್ನೂ ಮೈಮೇಲಿತ್ತು. ನೀನು ಹುಡುಕುತ್ತಿದ್ದದ್ದು ಇದ್ದರೆ ಕಪ್ಪು ಗೀಟಾಗಿ ಮೂಡುವ ಆ ಎಕ್ಸ್‌ರೇ ಫಿಲ್ಮ್ ಪೂರ್ತಿ ಒಣಗಿರಲಿಲ್ಲ, ಫಿಕ್ಸರ್‌ನ ಹುಳಿ ವಾಸನೆ ಬರುತ್ತಿತ್ತು. ಬೈಟು ಕಾಫಿ ಪಕ್ಕಕ್ಕಿಟ್ಟು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, "ಐವತ್ತೈದರ ಗುರುತಿನ ಕೆಳಗೆ ನೋಡು ಮಾರಾಯ, ಕಾಣುತ್ತಾ?" ಅಂದೆ. ಮೂರು ಸಲ ಬಂದು ನಾಲ್ಕನೇ ಸಲ ಕೈಕೊಟ್ಟಿದ್ದ ಬ್ಯಾಂಡು, ಅದೇ ಆ ಗೀಟು. ಇದು ಐದನೇ ಸಲ. ನಾನು ನೋಡಿದೆ. "ಏನೂ ಇಲ್ಲ ಕಣೋ, ಬರೀ ಬ್ಯಾಕ್‌ಗ್ರೌಂಡು. ಬಿಟ್ಟುಬಿಡು ಸಾಕು" ಅಂದೆ.

ಕಾಣುತ್ತಿತ್ತು, ಸೂರಿ.

ಪೆನ್ಸಿಲಿನಲ್ಲಿ ಗೀಟು ಎಳೆದು ರಬ್ಬರಿನಲ್ಲಿ ಅಳಿಸಿದ ಮೇಲೂ ಒಂಚೂರು ಉಳಿಯುತ್ತದಲ್ಲ, ಅಷ್ಟು. ಅದು ನಿಜವಾದ ಬ್ಯಾಂಡೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ, ಇಬ್ಬರಿಗೂ ಅದು ಗೊತ್ತಾಗುವಂತಿಲ್ಲ ಈಗ. ಆದರೆ ಕಂಡದ್ದನ್ನು ಕಾಣಲಿಲ್ಲ ಅಂದೆ. ಯಾಕೆ ಅಂತ ಇಷ್ಟು ವರ್ಷ ನನಗೆ ನಾನೇ ಏನೇನೋ ಸಮಾಧಾನ ಹೇಳಿಕೊಂಡಿದ್ದೇನೆ. ನೀನು ನಿದ್ದೆ ಮಾಡುತ್ತಿರಲಿಲ್ಲ, ಸೊರಗಿಹೋಗಿದ್ದೆ, ಸಂಶೋಧನೆಗೆ ಸೇರಿ ಆರನೇ ವರ್ಷ, ಮನೆಯಲ್ಲಿ ಅಪ್ಪಯ್ಯನಿಗೆ ಕೈಲಾಗುತ್ತಿರಲಿಲ್ಲ. ಅದೆಲ್ಲ ನಿಜವೇ. ಆದರೆ ನಾನು ಮಾರ್ಚಿನಲ್ಲೇ ಲ್ಯಾಬ್ ಬಿಟ್ಟಿದ್ದೆ ಅಲ್ವಾ? ನೀನು ಅಲ್ಲೇ ಉಳಿದು ಏನಾದರೂ ಕಂಡುಹಿಡಿದರೆ ನಾನು ಕೈಲಾಗದೆ ಓಡಿಬಂದವನು. ನೀನೂ ಬಿಟ್ಟರೆ, ಆ ಲ್ಯಾಬೇ ಸರಿ ಇರಲಿಲ್ಲ ಅಂತ ಆಗುತ್ತದೆ. ಆ ಸಂಜೆ ಬಾಯಿಂದ ಬಂದದ್ದು ಈ ಲೆಕ್ಕ. ಆರು ವಾರ ಆದಮೇಲೆ ನೀನು ಟ್ರಂಕು ಕಟ್ಟಿದಾಗ ಸಾಗರದ ಬಸ್ಸಿಗೆ ಹತ್ತಿಸಿ ಬಂದವನೂ ನಾನೇ. ರೂಮಿಗೆ ಬಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನು ಹೇಳುವುದು ಫಿಲ್ಮಿನ ವಿಷಯಕ್ಕಿಂತ ಜಾಸ್ತಿ ಕಷ್ಟ ಆಗುತ್ತಿದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಕರಿಕೊ ಕಥೆ ಹೇಳಿ, ಅಡಿಕೆ ರೇಟು ಕೇಳಿ ಮುಗಿಸೋಣ ಅಂತಿದ್ದೆ. ಹೇಳು, ಮಳೆ ಹೇಗಿದೆ? ಅಡಿಕೆಯ ಕೊಳೆರೋಗಕ್ಕೆ ಔಷಧಿ ಎಷ್ಟನೇ ಸಲ ಹೊಡೆಸಿದೆ? ಹೋದ ವರ್ಷ ಬಂದಾಗ ನೀನು ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕದಡುತ್ತಿದ್ದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ, ಚಾಕುವಿನ ಅಲಗು ಅದ್ದಿ ತೆಗೆದು, ಬೆಳಕಿಗೆ ಹಿಡಿದು ನೋಡಿದೆ, ತಾಮ್ರ ಕೂತಿದೆಯಾ ಅಂತ. ಫಿಲ್ಮ್ ಹಿಡಿಯುತ್ತಿದ್ದ ಹಾಗೇ ಹಿಡಿದಿದ್ದೆ. ಆಗಲೂ ನಾನು ಏನೂ ಮಾತಾಡಲಿಲ್ಲ.

ದಸರಾ ರಜೆಗೆ ಬರುತ್ತಿದ್ದೇನೆ. ನಿನ್ನ ನೋಟ್‌ಬುಕ್ಕುಗಳು ಅಟ್ಟದ ಮೇಲಿದ್ದರೆ ಇಲಿ ತಿನ್ನುವ ಮೊದಲು ಕೆಳಗಿಳಿಸು. ಫಿಲ್ಮೂ ಇದ್ದರೆ ತೆಗೆದಿಡು. ಮಾತು ರೆಕಾರ್ಡ್ ಮಾಡಿಕೊಳ್ಳುವ ಒಂದು ಒಳ್ಳೆಯ ಯಂತ್ರ ತಗೊಂಡಿದ್ದೇನೆ, ಜಗುಲಿಯ ಮೇಲೆ ಕೂತು ಆರು ವರ್ಷದ್ದೂ ಕೇಳುತ್ತೇನೆ, ಶುರುವಿನಿಂದ. ನೀನು ಬೈದರೂ ಆಫ್ ಮಾಡುವುದಿಲ್ಲ. ಅಮ್ಮನಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ನನಗೆ ಅಂತ ಎತ್ತಿಡಲು ಹೇಳು.

ಮೊದಲನೇ ಪ್ರಶ್ನೆ ಹದಿನೇಳನೇ ಟ್ಯೂಬಿನದ್ದೇ.

ನಿನ್ನ,
ಬೈಟು