ಹಳೆ ಕ್ಯಾಮೆರಾದ ಪ್ಲಗ್ ಕತ್ತರಿಸಬೇಡಿ, ಇದ್ದ ಹಾಗೇ ತನ್ನಿ

ಪ್ರಿಯ ಗ್ರಾಹಕರೇ,

ನಮಸ್ಕಾರ. ಹಳೆ ಸೆಕ್ಯುರಿಟಿ ಕ್ಯಾಮೆರಾಗಳಿಗೆ ಹೊಸ ಪ್ಲಗ್ ಹಾಕಿಕೊಡುವ ಕೆಲಸದಲ್ಲಿ ನಾವು ಒಂದು ಬದಲಾವಣೆ ಮಾಡಿದ್ದೇವೆ. ಇನ್ನು ಮುಂದೆ ವೈರಿನ ಬಣ್ಣ ನೋಡಿ ಜೋಡಿಸುವುದಿಲ್ಲ. ಪ್ರತಿ ಕ್ಯಾಮೆರಾವನ್ನೂ ಬಿಚ್ಚಿ, ಪ್ಲಗ್ಗಿನಿಂದ ಒಳಗಿನ ಸರ್ಕ್ಯೂಟ್ ಬೋರ್ಡಿನ ತನಕ ಒಂದೊಂದೇ ವೈರಿನ ಜಾಡು ಹಿಡಿದು, ಆಮೇಲೆಯೇ ಕರೆಂಟ್ ಕೊಡುತ್ತೇವೆ. ಹಾಗಾಗಿ ಒಂದು ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೂರ್ನಾಲ್ಕು ದಿನ ಬೇಕು.

ಕಾರಣ ಹೇಳಲೇಬೇಕು. ಗ್ರಾಹಕರೊಬ್ಬರು ಎರಡು ಕ್ಯಾಮೆರಾ ತಂದಿದ್ದರು. ಒಂದೇ ಕಂಪನಿ, ಒಂದೇ ಆಕಾರ, ಎರಡಕ್ಕೂ ಆರು ಪಿನ್ನಿನ ಪ್ಲಗ್. ಮೊದಲನೆಯದು ಸರಿಯಾಗಿ ಓಡಿತು. ಎರಡನೆಯದೂ ಹಾಗೇ ಇರುತ್ತದೆ ಅಂದುಕೊಂಡು 12 ವೋಲ್ಟ್ ಕೊಟ್ಟೆವು. ಅದರಲ್ಲಿ ಪವರ್ ಮತ್ತು ವಿಡಿಯೊ ಪಿನ್‌ಗಳು ಅದಲುಬದಲಾಗಿದ್ದವು. ಕ್ಯಾಮೆರಾ ಸುಟ್ಟುಹೋಯಿತು. ತಪ್ಪು ನಮ್ಮದೇ. ಬದಲಿ ಕ್ಯಾಮೆರಾ ಕೊಟ್ಟೆವು, ನಿಜ. ಆದರೆ ಚೆನ್ನಾಗಿದ್ದ ವಸ್ತು ನಮ್ಮ ಕೈಯಲ್ಲೇ ಹಾಳಾಯಿತಲ್ಲ ಅನ್ನುವ ಬೇಜಾರು ಇನ್ನೂ ಇದೆ.

ಈ ಹಳೆ ಸೆಟ್‌ಗಳಲ್ಲಿ ಪ್ಲಗ್ ಮಾತ್ರ ಆಯಾ ಕಂಪನಿಯದ್ದು. ಕೆಲವು ಫೋನ್ ಪ್ಲಗ್ಗಿನ ಥರ, ಕೆಲವು ನೆಟ್‌ವರ್ಕ್ ಪ್ಲಗ್ಗಿನ ಥರ, ಕೆಲವು ದುಂಡಗೆ. ಒಳಗೆ ಹರಿಯುವುದು ಬಹುತೇಕ ಒಂದೇ: ಪವರ್, ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ), ವಿಡಿಯೊ, ಕೆಲವದರಲ್ಲಿ ಆಡಿಯೊ. ವಿಡಿಯೊ ಸಿಗ್ನಲ್ಲೂ ಸುಮಾರು 1 ವೋಲ್ಟಿನ ಮಾಮೂಲಿ ಅನಲಾಗ್ ಸಿಗ್ನಲ್, 75 ಓಮ್ ಲೈನಿನದ್ದು. ಹಳೆ ಟಿವಿಯ ಹಳದಿ ಸಾಕೆಟ್ಟಿಗೆ ಕೊಟ್ಟರೂ ಚಿತ್ರ ಬರುತ್ತದೆ. ಇಂಥದ್ದನ್ನು ಬರೀ ಪ್ಲಗ್ ಹೊಂದಲಿಲ್ಲ ಅಂತ ಕಸಕ್ಕೆ ಹಾಕುವುದು ಸರಿ ಅಲ್ಲ, ಅಲ್ವಾ?

ನಾವು ಮೊದಲು ಹುಡುಕುವುದು ಗ್ರೌಂಡ್. ಕರೆಂಟ್ ಇಲ್ಲದಾಗ, ಸಂಪರ್ಕ ಇದ್ದರೆ ಬೀಪ್ ಮಾಡುವ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬೋರ್ಡಿನ ಅಗಲವಾದ ತಾಮ್ರದ ಮೇಲೆ (ಅದೇ ಸಾಮಾನ್ಯವಾಗಿ ಗ್ರೌಂಡ್) ಇಟ್ಟು, ಇನ್ನೊಂದನ್ನು ಪ್ಲಗ್ಗಿನ ಪಿನ್‌ಗಳಿಗೆ ಮುಟ್ಟಿಸುತ್ತಾ ಹೋಗುತ್ತೇವೆ. ಬೀಪ್ ಬಂದದ್ದು ಗ್ರೌಂಡ್. ಪವರ್ ಪಿನ್ನು ಸಾಮಾನ್ಯವಾಗಿ ಡಯೋಡ್ ಅಥವಾ ಫ್ಯೂಸ್ ದಾಟಿ, ವೋಲ್ಟೇಜನ್ನು ಹದಕ್ಕೆ ತರುವ ರೆಗ್ಯುಲೇಟರ್‌ಗೆ ಹೋಗುತ್ತದೆ. ಆ ದಾರಿಯಲ್ಲಿರುವ ಕೆಪಾಸಿಟರ್ ಮೇಲೆ ಅದು ತಡೆದುಕೊಳ್ಳಬಲ್ಲ ಗರಿಷ್ಠ ವೋಲ್ಟೇಜ್ ಹೆಚ್ಚಾಗಿ ಬರೆದಿರುತ್ತದೆ. 25 ವೋಲ್ಟ್ ಅಂತಿದ್ದರೆ 12 ಕೊಡುವ ಯೋಚನೆ ಮಾಡಬಹುದು. 10 ಅಂತಿದ್ದರೆ 12ರ ಮಾತೇ ಇಲ್ಲ. ವಿಡಿಯೊ ಪಿನ್ನಿನ ಹತ್ತಿರ ಹೆಚ್ಚಾಗಿ 75 ಓಮಿನ ರೆಸಿಸ್ಟರ್ ಸಿಗುತ್ತದೆ, ಅದೇ ಗುರುತು.

ಇಷ್ಟೆಲ್ಲ ಖಾತ್ರಿಯಾದ ಮೇಲೂ ಮೊದಲ ಸಲ ಕರೆಂಟಿಗೆ ಮಿತಿ ಹಾಕಿಯೇ ಕೊಡುತ್ತೇವೆ. ಚಿತ್ರ ಬಂದರೆ ಬೆಳಕಿನ ಸೆನ್ಸರ್ ಮೇಲೆ ಬೆರಳಿಟ್ಟು ಕತ್ತಲೆ ಮಾಡುತ್ತೇವೆ. ಆಗ ಕತ್ತಲಲ್ಲಿ ಕಾಣಲು ನೆರವಾಗುವ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತದೆ. ವೈರ್ ತೆಳ್ಳಗೆ, ಉದ್ದ ಜಾಸ್ತಿ ಅಂದರೆ ವೋಲ್ಟೇಜ್ ಇಳಿಯುವುದು ಆಗಲೇ. ಹಗಲು ಚೆನ್ನಾಗಿದ್ದು ರಾತ್ರಿ ಮಾತ್ರ ಚಿತ್ರ ಹೋಗುತ್ತದೆ ಎಂಬ ದೂರು ನಮಗೆ ಎಷ್ಟೋ ಬಂದಿದೆ. ಅದಕ್ಕೇ ನಿಮ್ಮ ಕೇಬಲ್ ಹಾಕಿಯೇ ಪರೀಕ್ಷೆ ಮಾಡುತ್ತೇವೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಪ್ಲಗ್ ಕತ್ತರಿಸಬೇಡಿ. ಕತ್ತರಿಸಿಯಾಗಿದ್ದರೆ ಆ ತುಂಡನ್ನೂ ತನ್ನಿ. ಕೇಬಲ್, ಅಡಾಪ್ಟರ್, ರೆಕಾರ್ಡರ್ ಕೆಟ್ಟಿದ್ದರೂ ಜೊತೆಗಿರಲಿ. ಅಡಾಪ್ಟರ್ ಮೇಲಿನ ಬರಹ, ರೆಕಾರ್ಡರ್‌ನ ಸಾಕೆಟ್ ಎರಡೂ ನಮಗೆ ದಾರಿ ತೋರಿಸುತ್ತವೆ. ರೆಕಾರ್ಡರ್‌ನ ಹಾರ್ಡ್ ಡಿಸ್ಕ್ ಮಾತ್ರ ತೆಗೆದಿಟ್ಟುಕೊಂಡು ಬನ್ನಿ, ನಿಮ್ಮ ಮನೆಯ ದೃಶ್ಯಗಳು ನಿಮ್ಮ ಹತ್ತಿರವೇ ಇರಲಿ. ಇನ್ನೊಂದು ಮಾತು: ಪ್ಲಗ್ ನೆಟ್‌ವರ್ಕ್ ಪ್ಲಗ್ಗಿನ ಹಾಗೆ ಕಂಡರೂ ಸುಮ್ನೆ ಪರೀಕ್ಷೆಗೆ ಅಂತ ರೂಟರ್‌ಗೆ ಚುಚ್ಚಬೇಡಿ.

ಕ್ಯಾಮೆರಾ ವಾಪಸ್ ಕೊಡುವಾಗ ಯಾವ ಪಿನ್ ಯಾವುದಕ್ಕೆ ಎಂಬ ಚಿತ್ರ ಬರೆದ ಚೀಟಿ ಕೊಡುತ್ತೇವೆ. ಪ್ಲಗ್ಗನ್ನು ಯಾವ ಕಡೆಯಿಂದ ನೋಡಿ ಬರೆದದ್ದು ಅಂತಲೂ ಅದರಲ್ಲಿರುತ್ತದೆ, ಯಾಕಂದರೆ ತಿರುಗಿಸಿ ನೋಡಿದರೆ ಎಡ ಬಲ ಆಗುತ್ತದೆ. ಯಾವ ವೈರ್ ಏನೆಂದು ಖಾತ್ರಿಯಾಗದಿದ್ದರೆ ಕರೆಂಟ್ ಕೊಡದೆ, ದುಡ್ಡು ತೆಗೆದುಕೊಳ್ಳದೆ ಹಾಗೇ ಮರಳಿಸುತ್ತೇವೆ.

ಮೊದಲೇ ನಮ್ಮಲ್ಲಿ ಮಾಡಿಸಿಕೊಂಡ ಕ್ಯಾಮೆರಾ ಚೆನ್ನಾಗಿ ನಡೆಯುತ್ತಿದ್ದರೆ ಮತ್ತೆ ತರಬೇಕಿಲ್ಲ. ಚೀಟಿ ಬೇಕಿದ್ದರೆ ತನ್ನಿ, ಬರೆದುಕೊಡುತ್ತೇವೆ.

ಇಂತಿ,
ನಿಮ್ಮ ರಿಪೇರಿ ಬಳಗ